ತಿಮ್ಮರಾಜುವಿನ ಕಾಲು ಮತ್ತು ಹಾರೆ

ಹಂದನಕೆರೆ ಸುತ್ತಮುತ್ತ ತೆಂಗಿನಕಾಯಿ ಸುಲಿಯುವುದರಲ್ಲಿ ತಿಮ್ಮರಾಜುವನ್ನು ಮೀರಿಸುವವರಿಲ್ಲ. ಇದನ್ನು ನಾನು ಹೇಳಬೇಕಾಗಿಲ್ಲ, ಅವನೇ ದಿನಕ್ಕೆ ನಾಲ್ಕು ಸಲ ಹೇಳುತ್ತಾನೆ. ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ಕಾಯಿ ಕುಕ್ಕಿ, ಮೂರೇ ಏಟಿಗೆ ಮೇಲಿನ ನಾರಿನ ಮಟ್ಟೆ ಕಿತ್ತೆಸೆಯುತ್ತಿದ್ದ. ಆ ಹಾರೆಯನ್ನು ನೆಡುವುದೂ ಅವನೇ, ಕೀಳುವುದೂ ಅವನೇ. ಹೆಂಡತಿ ನಿರ್ಮಲಾ ಮುಟ್ಟಿದರೂ ಊರು ಒಂದಾಗುವಂತೆ ಕೂಗಾಡುವನು.

ನಲವತ್ತೆಂಟಕ್ಕೇ ಅವನ ಬಲಮಂಡಿ ಹಿಡಿಯಿತು. ಕಾಲು ಹೊರಕ್ಕೆ ಬಾಗಿತ್ತು. ತುಮಕೂರಿನ ಡಾಕ್ಟರು ಎಕ್ಸ್‌ರೇ ನೋಡಿ, "ಮಂಡಿ ಒಳಮಗ್ಗುಲು ಮಾತ್ರ ಸವೆದಿದೆ. ಮಂಡಿ ಬದಲಾಯಿಸೋದು ಬೇಡ. ಅದರ ಕೆಳಗಿನ ಮೂಳೆ ಕೊಯ್ದು ಕಾಲು ನೆಟ್ಟಗೆ ಮಾಡಿದರೆ, ಭಾರ ಚೆನ್ನಾಗಿರೋ ಮಗ್ಗುಲಿಗೆ ಬೀಳುತ್ತೆ," ಎಂದರಂತೆ.

"ನೋವು ಮಂಡೀದು, ಕುಯ್ಯೋದು ಮೂಳೇನಾ? ನಂಗ್ ಬ್ಯಾಡ ಕಣ್ ಭೈರಕ್ಕ," ಎಂದು ನನ್ನ ಜಗಲಿಯ ಮೇಲೆ ಕೂತು ಗೋಳಾಡಿದ. "ಆಮೇಲೆ ಸುಲಿಯಕ್ಕೇ ಆಗ್ದಿದ್ರೆ ನಾನ್ಯಾರು?"

ನನಗೆ ರೇಗಿತು. "ಲೋ, ಕೊಬ್ಬರಿ ಆಗಕ್ಕೆ ನನ್ ಅಟ್ಟದ್ ಮೇಲಿನ ಕಾಯಿ ವರ್ಷ ಪೂರ್ತಿ ಬಿದ್ದಿರ್ತವೆ. ನೀನು ಆರು ತಿಂಗ್ಳು ಬಿದ್ದಿರಕ್ಕಾಗಲ್ವಾ? ಹೋಗ್ ಮಾಡಿಸ್ಕೋ!"

ಮಾಡಿಸಿಕೊಂಡ. ಪ್ಲೇಟು, ಸ್ಕ್ರೂ, ವಾಕರ್ರು ಎಲ್ಲ ಆಯಿತು. ಆರು ತಿಂಗಳಾದ ಮೇಲೆ ಡಾಕ್ಟರು ನೋಡಿ, ಇನ್ನು ಕೆಲಸ ಮಾಡಬಹುದು ಅಂದರು. ಅಂದೇ ನಿರ್ಮಲಾಳನ್ನೂ ಕರೆದುಕೊಂಡು ಕಾಯಿ ಸುಲಿಯಲು ನಮ್ಮ ಅಂಗಳಕ್ಕೆ ಬಂದ. ಆ ನೆಟ್ಟಗಿನ ನಡಿಗೆ ನೋಡಿ ನಮ್ಮ ನಾಯಿಯೇ ಬೊಗಳಿತು.

ಹಾರೆ ನೆಟ್ಟ. ಕಾಯಿ ಕುಕ್ಕಿದ. ಜಾರಿತು. ಇನ್ನೊಂದೂ ಜಾರಿತು. ಹತ್ತನೆಯದು ಕೈತಪ್ಪಿ ಹಾರಿ ನನ್ನ ಕೋಳಿಗಳನ್ನು ಚದುರಿಸಿತು. ತಿಮ್ಮರಾಜು ಹಳೇ ಮಟ್ಟೆ ರಾಶಿಯ ಮೇಲೆ ಕುಸಿದು ಕೂತು ಗಳಗಳನೆ ಅತ್ತ.

"ಕಾಲು ಬಂತು, ಕೈ ಹೋಯ್ತು ಕಣಕ್ಕ! ಮೊದ್ಲಿನಂಗೇ ಸೊಟ್ಟ ಮಾಡ್ಕೊಡಿ ಅಂತ ಡಾಕ್ಟ್ರನ್ನ ಕೇಳ್ತೀನಿ."

ಬೈಯಬೇಕೆಂದಿದ್ದವಳು ಒಂದು ಚೊಂಬು ನೀರು ತಂದು ಅವನ ಮುಂದಿಟ್ಟೆ.

ಮಟ್ಟೆ ಒಟ್ಟುತ್ತಿದ್ದ ನಿರ್ಮಲಾ ಎದ್ದು ಬಂದಳು. ಹಾರೆಯನ್ನು ನೋಡಿದಳು, ಗಂಡನ ಕಾಲನ್ನು ನೋಡಿದಳು. ಸೊಟ್ಟಗಾಲಿನ ಕಾಲದಲ್ಲಿ ಬಲಕ್ಕೆ ವಾಲಿಕೊಂಡು ಸುಲಿಯುತ್ತಿದ್ದವನು, ಅಭ್ಯಾಸಬಲದಿಂದ ಹಾರೆಯನ್ನು ಇವತ್ತೂ ಬಲಕ್ಕೇ ವಾಲಿಸಿ ನೆಟ್ಟಿದ್ದ. ಅವಳು ಎರಡು ಕೈಯಲ್ಲಿ ಹಾರೆ ಕಿತ್ತು, ನೆಟ್ಟಗೆ ನೆಟ್ಟು, ಸುತ್ತ ಮಣ್ಣು ತುಳಿದಳು.

"ಈಗ ಸುಲೀರಿ," ಎಂದಳು.

ಒಂದು, ಎರಡು, ಮೂರು ಏಟು. ಮಟ್ಟೆ ಕಿತ್ತು ಬಂತು. ತಿಮ್ಮರಾಜು ಸುಲಿದ ಕಾಯಿಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿದ. ತೋಳಿನಲ್ಲಿ ಕಣ್ಣೊರೆಸಿಕೊಂಡು ಹೆಂಡತಿಯ ಕಡೆ ತಿರುಗಿದ.

"ನನ್ ಹಾರೆ ಮುಟ್ಟು ಅಂತ ಯಾರೇ ಹೇಳಿದ್ದು ನಿಂಗೆ?"

ಸಂಜೆವರೆಗೂ ಬೈದ. ಹಾರೆಯನ್ನು ಮಾತ್ರ ಅವಳು ನೆಟ್ಟಲ್ಲಿಂದ ಅಲ್ಲಾಡಿಸಲಿಲ್ಲ.