ಗುಡ್ಡಪ್ಪನ ಭಾನುವಾರಗಳು

ಲಿಫ್ಟ್ ರಿಪೇರಿಯ ಆ ಕಂಪನಿಯಲ್ಲಿ ಅವರಿಬ್ಬರನ್ನು ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆದವರೇ ಇಲ್ಲ. ಒಬ್ಬ ಗುಡ್ಡಪ್ಪ, ಇನ್ನೊಬ್ಬ ಪಾತಾಳ. ಗುಡ್ಡಪ್ಪನಿಗೆ ಆ ಹೆಸರು ಅಂಟಿದ್ದು ಸೈಕಲ್ಲಿನಿಂದ. ಭಾನುವಾರ ಬಂತೆಂದರೆ ದಪ್ಪ ಟೈರಿನ ಹಸಿರು ಸೈಕಲ್ ಹತ್ತಿ ಊರಾಚೆಯ ಗುಡ್ಡಕ್ಕೆ ಹೊರಟುಬಿಡುತ್ತಿದ್ದ. ಕಲ್ಲು, ಬೇರು, ಕೊರಕಲು ಯಾವುದನ್ನೂ ಲೆಕ್ಕಿಸದೆ ಕಾಲುಹಾದಿಯಲ್ಲಿ ಇಳಿಯುವ ಹುಚ್ಚು ಅವನದು. ಪಾತಾಳನ ಹೆಸರು ಕೆಲಸದಿಂದ ಬಂದದ್ದು. ಗುಡ್ಡಪ್ಪ ಕಟ್ಟಡದ ನೆತ್ತಿಯ ಮೋಟರ್ ಕೋಣೆಯಲ್ಲಿದ್ದರೆ ಇವನು ಲಿಫ್ಟಿನ ತಳದ ಗುಂಡಿಯಲ್ಲಿ, ಗ್ರೀಸು ಧೂಳಿನ ನಡುವೆ, ಜನ ಸಂದಿಯಲ್ಲಿ ಬೀಳಿಸಿದ ಕೀಲಿಕೈ ಬಾಚಣಿಗೆಗಳ ನಡುವೆ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದ.

ಸೋಮವಾರದ ಊಟದ ಹೊತ್ತೆಲ್ಲ ಗುಡ್ಡಪ್ಪನ ಪಾಲು. ಡಬ್ಬಿಯ ಮುಚ್ಚಳವನ್ನೇ ಗುಡ್ಡ ಮಾಡಿ, ಚಮಚವನ್ನು ಅದರ ಮೇಲಿಂದ ಹಾರಿಸಿ ತೋರಿಸುವನು.

"ನಿನ್ನೆ ಎರಡೂ ಚಕ್ರ ನೆಲ ಬಿಟ್ಟಿತ್ತು ಕಣೋ! ನೀನೂ ಬಾ ಒಂದ್ಸಲ."

"ನನ್ ಮಂಡಿ ನನ್ ಮಾತೇ ಕೇಳಲ್ಲ ಮಹಾರಾಯ. ನೀನು ಹಾರು, ನಾನು ಕೇಳ್ತೀನಿ," ಎಂದು ಪಾತಾಳ ಊಟ ಮುಂದುವರಿಸುತ್ತಿದ್ದ.

ಆ ಗುಡ್ಡಪ್ಪ ಸತ್ತದ್ದು ಗುಡ್ಡದಲ್ಲಲ್ಲ. ವಾರದ ನಡುವಿನ ಒಂದು ದಿನ, ಎತ್ತರದ ಆಫೀಸು ಕಟ್ಟಡವೊಂದರಲ್ಲಿ. ಗುಂಡಿಯಲ್ಲಿದ್ದ ಪಾತಾಳ ಕರೆಂಟು ಕೊಡು ಎಂದು ಫೋನಿನಲ್ಲಿ ಕೂಗಿದ. ಉತ್ತರವಿಲ್ಲ. ಯಾರಿಗೋ ಸೈಕಲ್ ಪುರಾಣ ಹೇಳುತ್ತಿದ್ದಾನೆ ಎಂದು ಬೈದುಕೊಂಡ. ಲಿಫ್ಟನ್ನು ತಾವೇ ಬಿಚ್ಚಿಟ್ಟಿದ್ದರಿಂದ ಮೆಟ್ಟಿಲೇ ಗತಿ. ಮಂಡಿ ಹಿಡಿದುಕೊಂಡು ಮೇಲೇರಿ ನೋಡಿದರೆ ಗುಡ್ಡಪ್ಪ ಸಲಕರಣೆ ಚೀಲಕ್ಕೆ ಒರಗಿ ಕೂತಿದ್ದ, ಸ್ಕ್ರೂಡ್ರೈವರ್ ಇನ್ನೂ ಕೈಯಲ್ಲೇ ಇತ್ತು. ಹೃದಯ, ಹಳೆಯ ತೊಂದರೆ, ಯಾರಿಗೂ ಗೊತ್ತಿರಲಿಲ್ಲ ಎಂದರು ಡಾಕ್ಟರು.

ಜನ ಮಾತ್ರ ಡಾಕ್ಟರ ಮಾತಿಗೆ ಕಿವಿಗೊಡಲಿಲ್ಲ. "ಅವನನ್ನ ಆ ಸೈಕಲ್ಲೇ ತಿಂದ್ಹಾಕ್ತು ಬಿಡಿ," ಎಂದರು ಕಂಪನಿಯವರು, ಕಾವಲುಗಾರರು, ಟೀ ಅಂಗಡಿಯವನು. ಮೊದಮೊದಲು ಪಾತಾಳ, ಇಲ್ಲ, ಹಾಗಲ್ಲ ಎಂದು ವಿವರಿಸುತ್ತಿದ್ದ. ಹೇಳಿ ಹೇಳಿ ನಾಲಿಗೆ ಸೋತಿತು. ಆಮೇಲೆ "ಹೂಂ" ಎಂದು ಮುಂದೆ ಹೋಗತೊಡಗಿದ. ಹೊಸ ಜೊತೆಗಾರ ಬಂದ. ಕೆಲಸ ಬಲ್ಲವನೇ, ಆದರೆ ಊಟದ ಹೊತ್ತಿಗೆ ಗೋಡೆ ಕಡೆ ತಿರುಗಿ ಕೂರುವವನು. ಪಾತಾಳನಿಗೆ ಅದೂ ಒಂದು ಬಗೆಯ ಅನುಕೂಲವೇ ಆಯಿತು. ಮನೆಗೆ ಬಂದು ಬೂಟು ಬಿಚ್ಚಿದರೆ ಏಳಲು ಮನಸ್ಸಾಗುತ್ತಿರಲಿಲ್ಲ.

ಒಂದು ಸಂಜೆ ಗುಡ್ಡಪ್ಪನ ಹೆಂಡತಿ ಫೋನ್ ಮಾಡಿ ಕರೆದಳು. ಪಾತಾಳ ಅವಳನ್ನು ಅತ್ತಿಗೆ ಎನ್ನುತ್ತಿದ್ದ. ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಬಿಗಿ ಮಾಡಿಕೊಡುವ, ಸಡಿಲ ಮಾಡಿಕೊಡುವ ಕೆಲಸ ಅವಳದು. ಬಾಗಿಲು ತೆರೆದವಳು ಹಲ್ಲಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗೋಡೆಯ ಕಡೆ ಕೈ ತೋರಿಸಿದಳು. ಹಸಿರು ಸೈಕಲ್ ಅಲ್ಲಿ ಕೊಕ್ಕೆಗಳಿಗೆ ನೇತುಬಿದ್ದಿತ್ತು.

"ತಗೊಂಡು ಹೋಗಪ್ಪಾ ಇದನ್ನ."

"ಎಲ್ಲಿಗೆ ಅತ್ತಿಗೆ?"

"ಎಲ್ಲಿಗಾದ್ರೂ. ನನ್ ಕಣ್ಣಿಗೆ ಬೀಳ್ಬಾರ್ದು, ಅಷ್ಟೆ."

ಪಾತಾಳ ಸೈಕಲ್ಲನ್ನು ಕೊಕ್ಕೆಯಿಂದ ಎತ್ತಿದ. ಅಷ್ಟರಲ್ಲಿ ಅವಳು, "ಇರು," ಎಂದಳು. ಸೂಜಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ಮದುವೆಯಾದಾಗಿಂದ ಒಂದು ಭಾನುವಾರಾನೂ ಆ ಮನುಷ್ಯ ಮನೇಲಿ ಕೂರಲಿಲ್ಲ. ಅಂಥದ್ದೇನಿತ್ತು ಅಲ್ಲಿ? ನೀನು ನೋಡಿದೀಯಾ?"

"ಇಲ್ಲ ಅತ್ತಿಗೆ. ಕೇಳಿದ್ದಷ್ಟೇ."

"ನಾನೂ ಕೇಳಿದ್ದಷ್ಟೇ. ಈ ಭಾನುವಾರ ಹೋಗೋಣ. ನೋಡ್ದೆ ಇದ್ರೆ ನಂಗೆ ಸಮಾಧಾನ ಆಗಲ್ಲ."

ಪಾತಾಳನಿಗೆ ಭಾನುವಾರ ಬೇಕಿದ್ದುದು ಹಾಸಿಗೆ. ಆದರೆ ಅವಳ ಮುಖ ನೋಡಿ, ಆಗಲಿ ಎಂದು ಸೈಕಲ್ಲನ್ನು ಮತ್ತೆ ಕೊಕ್ಕೆಗೇ ನೇತುಹಾಕಿದ.

ಇಬ್ಬರೂ ಬಸ್ಸಿನಲ್ಲಿ ಹೋದರು. ಕೊನೆಯ ನಿಲ್ದಾಣದಿಂದ ಕೆಂಪು ಮಣ್ಣಿನ ಹಾದಿ ಏರಿತು. ಒಂದಷ್ಟು ನಡೆದು ನಿಲ್ಲುವುದು, ಉಸಿರು ಬಂದ ಮೇಲೆ ಮತ್ತೆ ಒಂದಷ್ಟು. ಅರ್ಧ ಏರಿದ್ದರೋ ಇಲ್ಲವೋ, ಮೇಲಿಂದ "ದಾರಿ, ದಾರಿ!" ಎಂಬ ಕೂಗು ಕೇಳಿತು. ಇಬ್ಬರೂ ಪೊದೆಗೆ ಒತ್ತಿಕೊಂಡರು. ಮೂರ್ನಾಲ್ಕು ಸೈಕಲ್ಲು ಕಲ್ಲು ಸಿಡಿಸುತ್ತ ಇಳಿದುಹೋದವು. ಹಿಂದೆ ಬಂದ ಹೆಂಗಸೊಬ್ಬಳು ಬ್ರೇಕ್ ಹಾಕಿ ನಿಂತಳು. ಅವಳು ಹಲ್ಲಿನ ಡಾಕ್ಟರು ಎಂಬುದು ಆಮೇಲೆ ತಿಳಿಯಿತು.

"ನಡೆಯೋಕೆ ಆ ಕಡೆ ಬೇರೆ ದಾರಿ ಇದೆಯಲ್ಲಮ್ಮಾ. ಯಾರನ್ನಾದ್ರೂ ಹುಡುಕ್ತಿದೀರಾ?"

"ಹಸಿರು ಸೈಕಲ್ಲಲ್ಲಿ ಒಬ್ರು ಬರ್ತಿದ್ರು..." ಎಂದಳು ಅತ್ತಿಗೆ.

"ನಮ್ ಬಾಲಣ್ಣನಾ? ಎಲ್ಲಿದಾರೆ? ಫೋನ್ ಮಾಡಿದ್ರೆ ಎತ್ತೋದೇ ಇಲ್ಲ. ಯಾರಾದ್ರೂ ಏನಾದ್ರೂ ಅಂದ್ರಾ? ಮುನಿಸ್ಕೊಂಡ್ರಾ?"

ಅತ್ತಿಗೆ ಪಾತಾಳನ ಕಡೆ ನೋಡಿದಳು. ಸಾವಿನ ಸುದ್ದಿಯನ್ನು ಇನ್ನೊಮ್ಮೆ ಹೇಳುವ ಕೆಲಸ ಅವನ ತಲೆಗೇ ಬಂತು. ಹೇಳಿದ. ಡಾಕ್ಟರಮ್ಮ ಹೆಲ್ಮೆಟ್ ಬಿಚ್ಚಿ ದಾರಿಯ ನಡುವೆಯೇ ಕೂತುಬಿಟ್ಟಳು.

ಪಾತಾಳ ಅವಳ ಪಕ್ಕದ ಕಲ್ಲಿನ ಮೇಲೆ ಕೂತು ಕೇಳಿದ. "ಬಾಲಣ್ಣ ಅಂತ ಯಾಕೆ?"

"ಯಾವಾಗ್ಲೂ ಕೊನೇಲಿ ಬರ್ತಿದ್ರಲ್ಲ, ಅದಕ್ಕೆ. ಹೊಸಬರು ಯಾರೇ ಬರಲಿ, ಅವರ ಹಿಂದೆ ಇವರು. ಚೈನ್ ಕಳಚಿದ್ರೆ ಹಾಕಿಕೊಡೋದು, ಹೆದರಿ ಅಳೋರನ್ನ ನಗಿಸೋದು. ಬಾಲಣ್ಣ ಹಿಂದಿದಾರೆ ಅಂದ್ರೆ ನಾವು ತಿರುಗಿ ನೋಡ್ತಾನೇ ಇರಲಿಲ್ಲ."

"ಮತ್ತೆ ಹಾರ್ತಿದ್ದ ಅಂತ..."

"ಹಾರೋದಾ? ಬಾಲಣ್ಣನಾ?" ಡಾಕ್ಟರಮ್ಮನ ಒದ್ದೆ ಕಣ್ಣಲ್ಲೂ ನಗು ಬಂತು. "ಕಡಿದಾದ ಇಳಿಜಾರು ಬಂದ್ರೆ ಇಳಿದು, ಸೈಕಲ್ ಕಿವಿ ಹಿಡ್ಕೊಂಡು ನಡೆಸ್ಕೊಂಡು ಬರ್ತಿದ್ರು. ಭಾರಿ ಪುಕ್ಕಲು! ಅರ್ಧ ದಿನ ಸೈಕಲ್ ಬಿಟ್ಟು ಗುದ್ದಲಿನೇ ಹಿಡಿದಿರೋರು. ನೀರು ಹರಿದು ದಾರಿ ಕೊಚ್ಚಿ ಹೋಗಬಾರ್ದು ಅಂತ ಪಕ್ಕಕ್ಕೆ ಕಾಲುವೆ ತೋಡ್ತಿದ್ರು. ಅಗೋ, ಅದೆಲ್ಲ ಅವರದ್ದೇ."

ಅತ್ತಿಗೆ ಆ ಕಾಲುವೆಗಳನ್ನು ನೋಡುತ್ತ ನಿಂತಳು. ಅಂಚಿಗೆ ಒಂದೇ ಗಾತ್ರದ ಕಲ್ಲು ಜೋಡಿಸಿತ್ತು. "ಮನೇಲಿ ಬಚ್ಚಲ ನೀರು ಕಟ್ಕೊಂಡಿದೆ, ಸರಿ ಮಾಡಿ ಅಂತ ಗಂಟಲು ಹರ್ಕೊಂಡೆ. ಕಿವಿಗೇ ಹಾಕ್ಕೊಳ್ಳಲಿಲ್ಲ," ಎಂದಳು. "ಇಲ್ಲಿ ಬಂದು ಗುಡ್ಡಕ್ಕೆ ಚರಂಡಿ ತೋಡ್ತಿದ್ರಾ!" ಅಷ್ಟು ಹೇಳಿ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತಲೇ ಅಳು ಬಂತು. ಡಾಕ್ಟರಮ್ಮ ಎದ್ದು ಅವಳ ಬೆನ್ನು ಸವರಿದಳು.

ಪಾತಾಳನಿಗೆ ನಗು ಬರಲಿಲ್ಲ. ಅಷ್ಟು ವರ್ಷ ಡಬ್ಬಿಯ ಮುಚ್ಚಳದ ಮೇಲಿಂದ ಚಮಚ ಹಾರಿಸಿದ್ದೆಲ್ಲ ಸುಳ್ಳಾ ಎಂದು ಮೊದಲು ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಬಂದ ಯೋಚನೆ ಇನ್ನೂ ಭಾರವಾಗಿತ್ತು. ಬಂದರೆ ಹಾರಲೇಬೇಕು ಅಂದುಕೊಂಡೇ ತಾನು ಬರಲಿಲ್ಲ. ಹಿಂದೆ ಹಿಂದೆ ನಡೆಯುವುದು, ಕಲ್ಲು ಜೋಡಿಸುವುದು ಇಷ್ಟೇ ಎಂದು ಆ ಪುಣ್ಯಾತ್ಮ ಬಾಯಿ ಬಿಟ್ಟು ಹೇಳಿದ್ದರೆ, ಈ ಮಂಡಿ ಕಟ್ಟಿಕೊಂಡೇ ಬರುತ್ತಿದ್ದೆನಲ್ಲ.

"ನಂಗಾದ್ರೂ ಹೇಳಬಹುದಿತ್ತು ಕಣೋ," ಎಂದ, ಯಾರಿಗೂ ಕೇಳದಷ್ಟು ಮೆಲ್ಲಗೆ.

ಮುಂದಿನ ವಾರ ಡಾಕ್ಟರಮ್ಮ ಅತ್ತಿಗೆಯ ಮನೆಗೆ ಬಂದಳು. ಅತ್ತಿಗೆ ಸೈಕಲ್ಲನ್ನು ತಾನೇ ಒರೆಸಿ, ಹೊಸಬರು ಯಾರಾದರೂ ಕಲಿಯಲಿ ಎಂದು ಕೊಟ್ಟು ಕಳಿಸಿದಳು. ಆಮೇಲೆ ಆಗೊಮ್ಮೆ ಈಗೊಮ್ಮೆ ಗುಡ್ಡದವರ ಹರಿದ ಜಾಕೆಟ್ಟುಗಳು ಅವಳ ಯಂತ್ರಕ್ಕೆ ಬರತೊಡಗಿದವು. ಹೊಲಿಯುತ್ತ ಬಾಲಣ್ಣನ ಸುದ್ದಿ ಕೇಳಿಸಿಕೊಳ್ಳುತ್ತಾಳೆ.

ಪಾತಾಳನನ್ನೂ ಗುಡ್ಡದವರು ಕರೆದರು, ಬಾಲಣ್ಣನ ಗುದ್ದಲಿ ಹಾಗೇ ಇದೆ ಬನ್ನಿ ಎಂದು. ನೋಡೋಣ ಎಂದಿದ್ದಾನೆ. ಭಾನುವಾರ ಮಾತ್ರ ಮಧ್ಯಾಹ್ನದವರೆಗೂ ಮಲಗುತ್ತಾನೆ. ಎದ್ದಾಗಲೂ ಸುಸ್ತು ಹಾಗೇ ಇರುತ್ತದೆ. ಹಾಸಿಗೆಯ ಅಂಚಲ್ಲಿ ಕೂತು ಮಂಡಿ ನೀವಿಕೊಳ್ಳುತ್ತ, ಹೋದರೆ ಮುಂದಿನ ವಾರ ಹೋಗಬಹುದು ಅಂದುಕೊಳ್ಳುತ್ತಾನೆ.