ನೂರಾ ಹದಿನೇಳನೇ ನಂಬರು

2022ರ ಜುಲೈನಲ್ಲಿ ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ ಪೊಲೀಸರಿಗೆ ಸಿಕ್ಕ ಸುಮಾರು ಐವತ್ತು ವರ್ಷದ ಮಹಿಳೆಯೊಬ್ಬರು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ನಮ್ಮ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ದಾಖಲಾದರು. ಆಗ ನಾನು ಅಲ್ಲಿನ ಮನಶ್ಶಾಸ್ತ್ರ ವಿಭಾಗದ ಮುಖ್ಯಸ್ಥೆ.

ಅವರು ಹೇಳಿದ್ದು ಎರಡೇ ಮಾತು: ವೆಂಕಟಮ್ಮ, ಹೊಸಹಳ್ಳಿ. ಹೊಸಹಳ್ಳಿ ಇಲ್ಲದ ತಾಲ್ಲೂಕು ನಮ್ಮ ಕಡೆ ಇಲ್ಲ. ಮುಳಬಾಗಿಲು ಸುತ್ತಮುತ್ತ ವಿಚಾರಿಸಿದ ಪೊಲೀಸರಿಗೆ ಯಾರೂ ಗುರುತು ಹೇಳಲಿಲ್ಲ. ಯಾವ ತಾಲ್ಲೂಕು ಎಂದರೆ "ನಮ್ಮದೇ" ಎನ್ನುತ್ತಿದ್ದರು. ಗಂಡನ ಹೆಸರು ಕೇಳಿದರೆ ತಲೆ ತಗ್ಗಿಸುತ್ತಿದ್ದರು.

ಮೂರು ತಿಂಗಳ ಚಿಕಿತ್ಸೆಯಲ್ಲಿ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತವು, ನಿದ್ದೆ ಬಂತು. ಮಾತು ಮಾತ್ರ ಹೆಚ್ಚಲಿಲ್ಲ. ಬೆಳಿಗ್ಗೆ, ಸಂಜೆ ವಾರ್ಡಿನಲ್ಲಿ ಹಾಲು ಹಂಚುವಾಗ ಸಾಲಿನಲ್ಲಿ ನಿಂತು, ಲೋಟ ಮುಂದೆ ಹಿಡಿದು "ನೂರಾ ಹದಿನೇಳು" ಎನ್ನುತ್ತಿದ್ದರು. ನಮ್ಮ ಕಡತದಲ್ಲಿ ಇದನ್ನು ಪರ್ಸೆವರೇಶನ್ ಎಂದು ಬರೆದಿದ್ದೆವು. ಸಂದರ್ಭವಿಲ್ಲದೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದಕ್ಕೆ ಆ ಹೆಸರು. ಜ್ಞಾಪಕಶಕ್ತಿ ಪರೀಕ್ಷೆಯಲ್ಲೂ ಅವರಿಗೆ ಬಂದದ್ದು ಕಡಿಮೆ ಅಂಕ. "ಗಂಡನ ಹೆಸರೂ ನೆನಪಿಲ್ಲ, ಸ್ವತಂತ್ರವಾಗಿ ಬದುಕಲಾರರು" ಎಂಬ ವರದಿಗೆ ಸಹಿ ಹಾಕಿದವಳು ನಾನೇ. ಅದರ ಆಧಾರದ ಮೇಲೆ ಅವರನ್ನು ನಿರ್ಗತಿಕ ಮಹಿಳೆಯರ ಕೇಂದ್ರಕ್ಕೆ ಕಳಿಸುವುದೆಂದು ತೀರ್ಮಾನವಾಯಿತು. ಅಲ್ಲಿಗೆ ಹೋದ ಮೇಲೆ ಊರು ಹುಡುಕುವವರು ಯಾರೂ ಇರುತ್ತಿರಲಿಲ್ಲ. ಹೊರಡಲು ಆರು ದಿನ ಉಳಿದಿತ್ತು.

ಆ ವಾರ ವಾರ್ಡಿಗೆ ಆಯಾ ಮುನಿರತ್ನಮ್ಮ ಬಂದರು. ಮಾಲೂರು ಕಡೆಯವರು, ನಿವೃತ್ತಿಗೆ ಹತ್ತಿರವಿದ್ದವರು. ಎರಡನೇ ದಿನವೇ ನನ್ನ ಕೋಣೆಯ ಬಾಗಿಲಲ್ಲಿ ನಿಂತರು.

"ಮೇಡಂ, ವೆಂಕಟಮ್ಮಂಗೆ ಮರೆವು ಅಂತ ಬರ್ದಿದೀರಂತೆ?"

"ಗಂಡನ ಹೆಸರೇ ಹೇಳ್ತಿಲ್ಲವಲ್ಲಮ್ಮ."

"ನಾನೂ ಹೇಳಲ್ಲ. ಕೇಳಿ ನೋಡಿ ಬೇಕಾದ್ರೆ. ನಂಗೂ ಮರೆವು ಅಂತ ಬರ್ಕೊಳ್ಳಿ."

ನಾನು ಪೆನ್ನು ಕೆಳಗಿಟ್ಟೆ. ಅವರು ಮುಂದುವರಿಸಿದರು: "ನೂರಾ ಹದಿನೇಳು ಅನ್ನೋದು ಡೈರಿ ನಂಬ್ರು ಮೇಡಂ. ಹಾಲು ಹಾಕೋಕೆ ಹೋದ್ರೆ ನಾವು ನಂಬ್ರೇ ಹೇಳೋದು."

ಇಬ್ಬರೂ ವಾರ್ಡಿಗೆ ಹೋದೆವು. ಮುನಿರತ್ನಮ್ಮ ಮಂಚದ ತುದಿಯಲ್ಲಿ ಕುಳಿತು ಕೇಳಿದರು: "ಹಸ ಎಷ್ಟವೆ ವೆಂಕಟಮ್ಮ?"

"ಎರಡು. ಒಂದು ಗಬ್ಬ."

"ಫ್ಯಾಟ್ ಎಷ್ಟು ಬರುತ್ತೆ?"

"ನಾಲ್ಕು. ಕಮ್ಮಿ ಬಂದ್ರೆ ಸೆಕ್ರೆಟರಿ ನೀರು ಹಾಕಿದ್ಯಾ ಅಂತಾನೆ. ಅವನ ಮನೆ ಬಾವೀಲಿ ನೀರೇ ಇಲ್ಲ, ನಮ್ಮನೇದು ಕೇಳ್ತಾನೆ."

"ನಿಮ್ಮೂರಿಗೆ ಯಾವ ಬಸ್ ಬರುತ್ತೆ?"

"ಮಾಸ್ತಿ ಬಸ್ಸು."

ನಮ್ಮ ಪರೀಕ್ಷೆಯಲ್ಲಿ ಹಸುವಿನ ಪ್ರಶ್ನೆ ಇರಲಿಲ್ಲ, ಬಸ್ಸಿನದೂ ಇರಲಿಲ್ಲ. ಸಂಜೆಯ ಹೊತ್ತಿಗೆ ಮಾಸ್ತಿ ಕಡೆಯ ಹೊಸಹಳ್ಳಿಯ ಡೈರಿ ಸೆಕ್ರೆಟರಿ ಫೋನಿಗೆ ಸಿಕ್ಕರು. ನೂರಾ ಹದಿನೇಳು ಯಾರದೆಂದು ಕೇಳಿದೆ.

"ನಾರಾಯಣಪ್ಪಂದು ಮೇಡಂ. ಹೆಂಡ್ತಿ ಕಾಣೆಯಾಗಿ ನಾಲ್ಕು ತಿಂಗಳಾಯ್ತು. ಸಿಕ್ಕಿದ್ರಾ?"

ಮರುದಿನ ಮೊದಲ ಬಸ್ಸಿಗೇ ನಾರಾಯಣಪ್ಪ ಬಂದರು. ನೇರ ವಾರ್ಡಿಗೆ ಹೋಗಿ ಹೆಂಡತಿಯ ಎದುರು ನಿಂತರು.

"ಕರು ಹಾಕ್ತು ಕಣೇ. ಹೆಣ್ಣು," ಎಂದರು. ಆಮೇಲೆ, "ನಾನು ಹಾಲು ಕರೆಯೋಕೆ ಹೋದ್ರೆ ಹಸ ಒದೀತದೆ."

ವೆಂಕಟಮ್ಮ ಅವರ ಕೈ ಹಿಡಿದು ಬೆರಳು ನೋಡಿದರು. "ಉಗುರು ತೆಗೆದಿಲ್ಲ ನೀವು. ಒದೀದೆ ಇನ್ನೇನು ಮಾಡ್ತದೆ?"

ನಾರಾಯಣಪ್ಪ ಕೈ ಬಿಡಿಸಿಕೊಳ್ಳಲಿಲ್ಲ. ಟವೆಲಿನಿಂದ ಕಣ್ಣು ಒರೆಸಿಕೊಂಡರು.

ಬಿಡುಗಡೆಯ ಅರ್ಜಿ ತುಂಬುವಾಗ ಗಂಡನ ಹೆಸರಿನ ಜಾಗಕ್ಕೆ ಬಂದು ನಾನು ತಲೆಯೆತ್ತಿದೆ. ವೆಂಕಟಮ್ಮ ಸೆರಗನ್ನು ಬಾಯಿಗೆ ಹಿಡಿದು ನಕ್ಕರು. "ಇಲ್ಲೇ ನಿಂತವ್ರಲ್ಲ ಮೇಡಂ, ಅವರನ್ನೇ ಕೇಳಿ."

ಹಳೆಯ ವರದಿಯನ್ನು ನಾನು ಹೊಡೆದುಹಾಕಲಿಲ್ಲ. ಅದು ತಪ್ಪೆಂದೂ, ಯಾಕೆ ತಪ್ಪೆಂದೂ ಕೆಳಗೆ ಬರೆದು ದಿನಾಂಕ ಹಾಕಿ ಸಹಿ ಮಾಡಿದೆ. ಹೊಸ ರೋಗಿಯೊಂದಿಗಿನ ಮೊದಲ ಮಾತುಕತೆಯಲ್ಲಿ ಅವರ ಊರಿನ ಕಡೆಯ ಆಯಾ ಒಬ್ಬರು ಜೊತೆಗಿರಬೇಕೆಂಬ ನಿಯಮವೂ ಆ ತಿಂಗಳೇ ನಮ್ಮ ವಿಭಾಗದಲ್ಲಿ ಬಂತು. ವೆಂಕಟಮ್ಮನ ಮಾತ್ರೆ ನಿಲ್ಲಲಿಲ್ಲ. ಒಮ್ಮೆ ಬಿಟ್ಟು, ದನಿಗಳು ಮರಳಿ, ಹನ್ನೆರಡು ದಿನ ಮತ್ತೆ ದಾಖಲಾಗಿದ್ದರು. ಆ ಸಲ ಗಂಡನೇ ಕರೆತಂದಿದ್ದರು.

ನಾನು ನಿವೃತ್ತಳಾದ ಮೇಲೂ ಸೆಕ್ರೆಟರಿ ಆಗಾಗ ಫೋನ್ ಮಾಡುತ್ತಾರೆ. ಕಳೆದ ತಿಂಗಳು ಮಾಡಿದ್ದರು. ಡೈರಿಯ ಪುಸ್ತಕದಲ್ಲಿ ನೂರಾ ಹದಿನೇಳನೇ ನಂಬರು ಈಗ ವೆಂಕಟಮ್ಮನ ಹೆಸರಿನಲ್ಲಿದೆ.