ಹೊಳೆಯ ಮೇಲೆ ಬಿದ್ದ ಸಣ್ಣ ರಸ್ತೆ

ತೊಂಬತ್ತರ ದಶಕದ ಕೊನೆಯಲ್ಲಿ ಕಾರವಾರದ ಒಂದು ಸಣ್ಣ ಖಾಸಗಿ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿತು. ಯಾವ ಊರಿಗೆ ಯಾವ ಹೊತ್ತಿಗೆ ಬಸ್ಸು ಬೇಕು ಎಂದು ಅಭ್ಯಾಸ ಮಾಡಿ ಸಾರಿಗೆ ಸಂಸ್ಥೆಗೆ ವರದಿ ಕೊಡುವುದು ಆ ಕಚೇರಿಯ ಕಸುಬು. ಅಲ್ಲಿದ್ದವರು ಇಬ್ಬರೇ: ಹುಬ್ಬಳ್ಳಿ ಕಡೆಯ ಎಂಜಿನಿಯರ್ ಸಾಹೇಬರು ಮತ್ತು ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮುಗಿಸಿದ ನಾನು.

ಫ್ಲಾಪಿಗಳಲ್ಲಿ ಬಂದ ನಕ್ಷೆಯನ್ನು ಬಸ್ಸಿನ ದಾರಿ ಹುಡುಕುವ ಸಾಫ್ಟ್‌ವೇರಿಗೆ ತುಂಬುವುದು ನನ್ನ ಮೊದಲ ಕೆಲಸ. ನಕ್ಷೆಯ ಒಂದೊಂದು ಗೆರೆಗೂ ಒಂದು ಸಂಖ್ಯೆ. ಒಂದು ಎಂದರೆ ಹೆದ್ದಾರಿ, ಎರಡು ಎಂದರೆ ಊರ ರಸ್ತೆ, ಹೀಗೆ. ಗೊತ್ತಿಲ್ಲದ ಸಂಖ್ಯೆ ಬಂದರೆ ಕಂಪ್ಯೂಟರ್ ನಿಂತು, ಇದೇನು ಎಂದು ಕೇಳುತ್ತಿತ್ತು. ನಾಲ್ಕನೆಯ ಫ್ಲಾಪಿಯಲ್ಲಿ ಒಂಬತ್ತು ಬಂತು. ಊಟದ ಹೊತ್ತಾಗಿತ್ತು, ಡಬ್ಬಿಯಲ್ಲಿ ಹುರಿದ ಬಂಗಡೆ ಮೀನು ಇತ್ತು. 'ಸಣ್ಣ ರಸ್ತೆ' ಎಂದು ಒತ್ತಿ ಎದ್ದೆ.

ಮರುದಿನ ಅಂಕೋಲೆಯಿಂದ ಗೋಕರ್ಣಕ್ಕೆ ದಾರಿ ಕೇಳಿದೆವು. ಹೆದ್ದಾರಿಯ ಸುತ್ತು ಬಿಟ್ಟು ಮಂಜಗುಣಿಯ ಮೇಲೆ ನೇರ ಹೋದರೆ ಅರ್ಧ ಹೊತ್ತು ಉಳಿಯುತ್ತದೆ ಎಂದಿತು ಪರದೆ. ಸಾಹೇಬರು ಖುಷಿಯಿಂದ ಚಹಾ ತರಿಸಿದರು. ನಾನು ಕಾರವಾರದ ಪೇಟೆಯಲ್ಲಿ ಬೆಳೆದವಳು, ಮಂಜಗುಣಿ ನೋಡಿರಲಿಲ್ಲ. ದಾರಿ ನೋಡಿಯೇ ಬರೋಣ ಎಂದು ಮಾರನೆಯ ಬೆಳಿಗ್ಗೆ ಇಬ್ಬರೂ ಹೊರಟೆವು.

ಅಂಕೋಲೆಯಲ್ಲಿ ಬಸ್ಸು ಬದಲಿಸಿ ಮಂಜಗುಣಿಯಲ್ಲಿ ಇಳಿದರೆ ರಸ್ತೆ ಅಲ್ಲಿಗೇ ಮುಗಿದಿತ್ತು. ಎದುರಿಗೆ ಗಂಗಾವಳಿ ಹೊಳೆ, ಆಚೆ ದಡದಿಂದ ಜನರನ್ನು ತುಂಬಿಕೊಂಡು ಬರುತ್ತಿದ್ದ ಒಂದು ದೋಣಿ. ಒಂಬತ್ತು ಎಂದರೆ ದೋಣಿಯಲ್ಲಿ ಹೊಳೆ ದಾಟುವ ಜಾಗ ಎಂದು ನನಗೆ ಆಗ ತಿಳಿಯಿತು.

ದೋಣಿ ದಡ ಮುಟ್ಟಿದೊಡನೆ ಸಾಹೇಬರು ನಕ್ಷೆಯ ಹಾಳೆ ಬಿಡಿಸಿ, ಸೇತುವೆ ಎಲ್ಲಿದೆ ಎಂದು ದೋಣಿಯವನನ್ನು ಕೇಳಿದರು. ಅವನು ಹಾಳೆಯನ್ನೂ ನೋಡಿದ, ಅವರನ್ನೂ ನೋಡಿದ.

"ಸೇತುವೆ ಇಲ್ಲ ಸಾಹೇಬ್ರೆ. ಬಸ್ಸು ತರೂದಾದ್ರೆ ತನ್ನಿ. ನನ್ನ ದೋಣಿಲಿ ಸೈಕಲ್ಲೇ ನಾಲ್ಕರ ಮೇಲೆ ಹಿಡಿಯೂದಿಲ್ಲ."

ಊಟದ ಅವಸರದಲ್ಲಿ ಹಾಗೆ ಒತ್ತಿದ್ದು ನಾನೇ ಎಂದು ಒಪ್ಪಿಕೊಂಡೆ. ಸಾಹೇಬರು ನಕ್ಷೆಯ ಹಾಳೆ ಮಡಚಿದರು. "ಇದಕ್ಕೇನವಾ ನಾ ನಿನಗ ಚಾ ಕುಡಿಸಿದ್ದು?" ಎಂದು ನಕ್ಕುಬಿಟ್ಟರು.

ಅಷ್ಟರಲ್ಲಿ ದೋಣಿಯಿಂದಿಳಿದ ಹೆಂಗಸೊಬ್ಬಳು ಮೀನಿನ ಬುಟ್ಟಿ ಹೊತ್ತು ಓಡತೊಡಗಿದಳು. ಅವಳು ರಸ್ತೆ ತಲುಪುವ ಮೊದಲೇ ನಾವು ಬಂದ ಬಸ್ಸು ತಿರುಗಿ ಹೊರಟುಹೋಯಿತು. ಬುಟ್ಟಿ ಇಳಿಸಲು ಕೈ ಜೋಡಿಸಿ, ದಿನಾ ಹೀಗೆಯೇ ಎಂದು ಕೇಳಿದೆ.

"ದಿನಾ ಹಿಂಗೇ ತಂಗಿ. ಹತ್ತು ನಿಮಿಷ ನಿಂತ್ರೆ ದೋಣಿ ಜನ ಪೂರಾ ಬಸ್ಸಿಗೆ ಬರ್ತದೆ. ಯಾರಿಗೆ ಹೇಳೂದು?"

ನಮಗೆ ಹೇಳಬಹುದು ಎಂದೆ. ಮುಂದಿನ ಬಸ್ಸು ಬರುವವರೆಗೆ ಅವಳು ಹೇಳಿದಳು, ನಾನು ಬರೆದುಕೊಂಡೆ. ಕಡಲ ಭರತಿಯಲ್ಲಿ ದೋಣಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ಇಳಿತದಲ್ಲಿ ಮರಳದಿಬ್ಬ ತಪ್ಪಿಸಿ ಎಷ್ಟು ಸುತ್ತಬೇಕು, ಯಾವ ಬಸ್ಸು ತಪ್ಪಿದರೆ ಅಂಕೋಲೆಯ ಮೀನುಪೇಟೆಯಲ್ಲಿ ಕೂರುವ ಜಾಗ ಹೋಗುತ್ತದೆ, ಎಲ್ಲ. ಸಾಹೇಬರು ಕೊಡೆ ಹಿಡಿದು ನಿಂತಿದ್ದರು, ನಮ್ಮಿಬ್ಬರಿಗೂ ಬಿಸಿಲು ಬೀಳದಂತೆ.

ಕಚೇರಿಗೆ ಮರಳಿ ಆ ಗೆರೆಯನ್ನು ಅಳಿಸಿದೆ. 'ದೋಣಿ' ಎಂಬ ಹೊಸ ಬಗೆ ಸೇರಿಸಿ, ಕಾಯುವ ಹೊತ್ತನ್ನೂ ತುಂಬಿದೆ. ಗೋಕರ್ಣದ ಹೊಸ ಮಾರ್ಗದ ಕನಸು ಹೋಗಿ, ಬೆಳಗಿನ ಬಸ್ಸು ಮಂಜಗುಣಿಯಿಂದ ಹತ್ತು ನಿಮಿಷ ತಡವಾಗಿ ಹೊರಡಲಿ ಎಂಬ ಒಂದು ಸಾಲು ವರದಿಯಲ್ಲಿ ಉಳಿಯಿತು. ಮಳೆಗಾಲ ಕಳೆದ ಮೇಲೆ ಬಸ್ಸಿನ ಹೊತ್ತು ನಿಜಕ್ಕೂ ಬದಲಾಯಿತು. ಒಂದು ಭಾನುವಾರ ನೋಡಲೆಂದೇ ಹೋದೆ. ಜನ ದೋಣಿಯಿಂದಿಳಿದು, ಮಾತಾಡುತ್ತ, ನಿಧಾನಕ್ಕೆ ನಡೆದು ಬಂದು ಬಸ್ಸು ಹತ್ತಿದರು. ನನಗೆ ಕೂರಲು ಜಾಗವೇ ಸಿಗಲಿಲ್ಲ. ಅಂಕೋಲೆಯವರೆಗೂ ನಿಂತೇ ಬಂದೆ.